ಅಪ್ಪನ ಮಗ್ಗಕ್ಕೆ ತಂದ ಎರಡು ಕನ್ನಡಿ

ನಾನು ಬಿ.ಎಸ್ಸಿ. ಪಾಸಾದವನು. ಇದನ್ನು ಈ ವಯಸ್ಸಿನಲ್ಲೂ ಸಂಕೋಚವಿಲ್ಲದೆ ಹೇಳಿಕೊಳ್ಳುತ್ತೇನೆ, ಯಾಕೆಂದರೆ ಬೆಟಗೇರಿಯ ನಮ್ಮ ಓಣಿಯಲ್ಲಿ ನನಗಿಂತ ಮೊದಲು ಕಾಲೇಜಿನ ಮುಖ ನೋಡಿದವರು ಯಾರೂ ಇರಲಿಲ್ಲ. ಎಲ್ಲರದೂ ಮಗ್ಗದ ಮನೆ. ಮೀಸೆ ಚಿಗುರುವ ಮೊದಲೇ ಹುಡುಗರು ಕುಣಿಗೆ ಇಳಿಯುತ್ತಿದ್ದರು. ಕುಣಿ ಎಂದರೆ ನೇಕಾರ ಕಾಲು ಇಳಿಬಿಟ್ಟು ಕೂತು ಮಗ್ಗ ತುಳಿಯಲು ನೆಲದಲ್ಲಿ ತೋಡಿದ ಗುಂಡಿ. ಅಪ್ಪ ನನ್ನನ್ನು ಅದಕ್ಕೆ ಇಳಿಸಲಿಲ್ಲ. ಧಾರವಾಡಕ್ಕೆ ಕಳಿಸಿದ. ಅಲ್ಲಿ ಉಚಿತ ಪ್ರಸಾದ ನಿಲಯದಲ್ಲಿ ಉಂಡು, ಹಿಂದಿನ ವರ್ಷದವರ ಪುಸ್ತಕ ಬೇಡಿ ಓದಿ, ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸದರಲ್ಲಿ ಪದವಿ ತೆಗೆದುಕೊಂಡು ಬಂದೆ.

ಊರಿಗೆ ಬಂದ ದಿನ ಅಪ್ಪ ಕೇಳಿದ.

“ಏನೇನು ಕಲ್ತಿ, ಹೇಳು.”

“ಶಾಖ, ಶಬ್ದ, ವಿದ್ಯುತ್ತು, ಬೆಳಕು...”

“ಬೆಳಕಿಂದೂ ವಿದ್ಯಾ ಐತೇನು?”

“ಐತಪಾ. ದೊಡ್ಡ ವಿದ್ಯಾ ಐತಿ.”

ಉಳಿದದ್ದು ಯಾವುದೂ ಅಪ್ಪನಿಗೆ ಬೇಕಾಗಲಿಲ್ಲ. ಬಾಜೂ ಮನೆಯ ಕಾಕಾನನ್ನು ಕೂಗಿ ಕರೆದು, “ನನ್ನ ಮಗ ಬೆಳಕು ಕಲ್ತು ಬಂದಾನ,” ಎಂದ. ಕಾಕಾ ಎಲೆಯಡಿಕೆ ಉಗುಳಿ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಹಂಗಾರ ಇನ್ನ ಚಿಮಣಿ ಎಣ್ಣಿ ಖರ್ಚು ಉಳೀತು ಬಿಡು,” ಎಂದ.

ಆ ಹೊತ್ತಿಗಾಗಲೇ ಅಪ್ಪನ ಕಣ್ಣು ಹೋಗತೊಡಗಿದ್ದವು. ನಮಗ್ಯಾರಿಗೂ ಅದು ತಿಳಿದಿರಲಿಲ್ಲ. ತಿಳಿಯದಿರುವುದಕ್ಕೆ ನಮ್ಮ ಓಣಿಯ ಒಂದು ಪದ್ಧತಿ ಕಾರಣ.

ನಮ್ಮಲ್ಲಿ ದೀಪ ಹಚ್ಚಿದ ಮೇಲೆ ಲಾಳಿ ಮುಟ್ಟುತ್ತಿರಲಿಲ್ಲ. ಸಂಜೆ ಅವ್ವ ದೀಪ ಹಚ್ಚಿ ಮಗ್ಗದ ಕಂಬಕ್ಕೆ ಕುಂಕುಮದ ಬೊಟ್ಟು ಇಟ್ಟಳೆಂದರೆ ಮಗ್ಗ ಮಲಗಿತು ಎಂದು ಲೆಕ್ಕ. ಹಬ್ಬಗಳು ಹತ್ತಿರ ಬಂದಾಗ ಸಾವಕಾರರ ಅವಸರಕ್ಕೆ ಕೆಲವರು ಈ ಪದ್ಧತಿ ಮುರಿದು ಕಂದೀಲಿನ ಮುಂದೆ ನೇಯುತ್ತಿದ್ದರು. ಅಪ್ಪ ಎಂದೂ ನೇಯಲಿಲ್ಲ. ಹೊತ್ತು ಇಳಿಯುತ್ತಿದ್ದಂತೆ ಲಾಳಿ ಕೆಳಗಿಟ್ಟು ಬಂದು ಕಟ್ಟೆಯ ಮೇಲೆ ಕೂತುಬಿಡುತ್ತಿದ್ದ. ಕತ್ತಲಾದ ಮೇಲೆ ಎಲ್ಲಿಗೂ ಹೋಗುತ್ತಿರಲಿಲ್ಲ. ಊಟಕ್ಕೆ ಕೂತರೆ ಅವ್ವ ರೊಟ್ಟಿ ಮುರಿದು ಪಲ್ಯ ಹಚ್ಚಿ ಅವನ ಕೈಗೆ ಕೊಡುತ್ತಿದ್ದಳು. ಅದನ್ನು ನಾವು ಗಂಡ ಹೆಂಡತಿಯ ಪ್ರೀತಿ ಎಂದುಕೊಂಡಿದ್ದೆವು. ಅವ್ವನೂ ಹಾಗೆಯೇ ತಿಳಿದಿದ್ದಳು. ಓಣಿಯ ಹಿರಿಯರು, “ನೇಮ ಅಂದ್ರ ಅವಂದು, ನೋಡಿ ಕಲೀರಿ,” ಎಂದು ತಮ್ಮ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದರು. ಸಂಜೆಯಾದರೆ ಕಣ್ಣು ಕಾಣದ ಮನುಷ್ಯನನ್ನು ಓಣಿಗೆ ಓಣಿಯೇ ನೇಮದವನೆಂದು ಹೊಗಳಿತು. ಅಪ್ಪನಾದರೂ ಮುಚ್ಚಿಟ್ಟನೆಂದಲ್ಲ. ಕತ್ತಲಲ್ಲಿ ಎಲ್ಲರಿಗೂ ಹೀಗೆಯೇ ಆಗುತ್ತದೆ, ಅದಕ್ಕೇ ಹಿರಿಯರು ಈ ಪದ್ಧತಿ ಮಾಡಿದ್ದಾರೆ ಎಂದು ಅವನು ನಂಬಿದ್ದ.

ಹಗಲಿನ ನೇಯ್ಗೆ ಕೆಟ್ಟಾಗ ಮಾತ್ರ ಮನೆಯಲ್ಲಿ ಗಾಬರಿಯಾಯಿತು. ಗದಗಿನ ಸಾವಕಾರರು ಒಂದು ಸೀರೆಯನ್ನು ತಿರುಗಿ ಕಳಿಸಿದರು. ಎಡದಡಿಯಲ್ಲಿ, ಅಂದರೆ ಸೀರೆಯ ಎಡ ಅಂಚಿನಲ್ಲಿ, ಎಳೆಗಳು ಬಿಟ್ಟುಹೋಗಿದ್ದವು. ಅಪ್ಪನ ಸೀರೆ ಹಾಗೆ ತಿರುಗಿ ಬಂದದ್ದು ಅದೇ ಮೊದಲು.

“ಮನ್ಯಾಗ ಬೆಳಕ ಇಲ್ಲ. ಏನ್ ಮಾಡ್ಲಿ?” ಎಂದು ಅಪ್ಪ ಸಿಟ್ಟಿನಿಂದ ಹೇಳಿದ.

ನಾವೂ ಅದನ್ನೇ ನಂಬಿದೆವು. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮಗ್ಗದ ಮೇಲಿದ್ದ ಬೆಳಕಿಂಡಿಯನ್ನು ಅಗಲ ಮಾಡಿಸಿದೆವು. ಗೋಡೆಗೆ ಎರಡೆರಡು ಸಲ ಸುಣ್ಣ ಹೊಡೆದೆವು. ಬಾಗಿಲ ಮುಂದಿನ ಬೇವಿನ ಟೊಂಗೆ ಕಡಿಸಿದೆವು. ಎಡದಡಿಯಲ್ಲಿ ಎಳೆ ಬಿಡುವುದು ನಿಲ್ಲಲಿಲ್ಲ.

ಅದೇ ಹೊತ್ತಿಗೆ ತಂಗಿಯ ಮದುವೆ ಮುಂಡರಗಿಯ ಮನೆತನವೊಂದಕ್ಕೆ ಗಟ್ಟಿಯಾಯಿತು. ನಮ್ಮ ಓಣಿಯಲ್ಲಿ ಮದುಮಗಳು ಧಾರೆಗೆ ನಿಲ್ಲುವಾಗ ಉಡುವ ಸೀರೆ ತಂದೆಯ ಮಗ್ಗದ್ದೇ ಆಗಿರಬೇಕು. ಊರಿಗೆಲ್ಲ ಸೀರೆ ನೇಯುವವನು ಮಗಳಿಗೆ ಕೊಂಡು ತಂದ ಸೀರೆ ಉಡಿಸಿದರೆ ಅದಕ್ಕಿಂತ ಅವಮಾನ ಇನ್ನೊಂದಿಲ್ಲ. ಅಪ್ಪ ಕೆಂಪು ರೇಷ್ಮೆ ದಡಿಯ ಹಾಸು, ಅಂದರೆ ಸೀರೆಯ ಉದ್ದನೆಯ ಎಳೆಗಳನ್ನು, ಹೂಡಿದ. ಅದು ಮಗ್ಗ ಏರಿದ ದಿನ ತಂಗಿಯನ್ನು ಕರೆದು, “ಯವ್ವಾ, ಇದೊಂದು ನನ್ನ ಕೈಲೆ ಆಗಬೇಕು. ಆಮ್ಯಾಲೆ ಏನರ ಆಗ್ಲಿ,” ಎಂದ.

ನನಗೆ ಆಗ ಲಕ್ಷ್ಮೇಶ್ವರದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರಿಕೆ ಸಿಕ್ಕಿತ್ತು. ಅತ್ತ ಲಕ್ಷ್ಮೇಶ್ವರ, ಇತ್ತ ಶಿರಹಟ್ಟಿ, ಎರಡೂ ಸಂಸ್ಥಾನದ ಊರುಗಳು. ಸಂಸ್ಥಾನಗಳು ಹೋಗಿ ಮುಂಬೈ ಸರಕಾರ ಬಂದಿತ್ತು. ಕಚೇರಿಯ ಬೋರ್ಡು ಬದಲಾಗಿತ್ತು, ಕುರ್ಚಿಗಳು ಅವೇ ಇದ್ದವು. ನಮ್ಮ ಶಾಲೆಗೆ ಮಾತ್ರ ಹೊಸ ಸರಕಾರದಿಂದ ಒಂದು ಪೆಟ್ಟಿಗೆ ಬಂತು. ಹುಲ್ಲಿನೊಳಗೆ ಹುದುಗಿಸಿದ ಗಾಜಿನ ಸಾಮಾನುಗಳ ನಡುವೆ ಎರಡು ದುಂಡು ಕನ್ನಡಿಗಳಿದ್ದವು. ಪುಸ್ತಕದಲ್ಲಿ ಅವಕ್ಕೆ ನಿಮ್ನ ದರ್ಪಣ, ಪೀನ ದರ್ಪಣ ಎಂಬ ಹೆಸರು. ಹುಡುಗರ ನಾಲಿಗೆಗೆ ಅದು ಹತ್ತಲಿಲ್ಲ. ನಾನು ತಗ್ಗುಗನ್ನಡಿ, ಉಬ್ಬುಗನ್ನಡಿ ಎಂದೆ.

ಪಾಠದ ದಿನ ಕಿಟಕಿಗಳನ್ನೆಲ್ಲ ಮುಚ್ಚಿಸಿ ಒಂದನ್ನು ಮಾತ್ರ ತೆರೆದಿಟ್ಟೆ. ತಗ್ಗುಗನ್ನಡಿಯನ್ನು ಅದರ ಎದುರು ಹಿಡಿದು, ಅದರ ಮುಂದೆ ಬಿಳಿ ಕಾಗದದ ಚೂರನ್ನು ಹಿಂದೆ ಮುಂದೆ ಸರಿಸಿದೆ. ಒಂದು ಕಡೆಗೆ ಬಂದಾಗ ಹೊರಗಿನ ಹುಣಸೆಮರ ಕಾಗದದ ಮೇಲೆ ಮೂಡಿತು. ಬಣ್ಣ ಹಾಗೆಯೇ, ಗಾಳಿಗೆ ಎಲೆ ಅಲುಗುವುದೂ ಹಾಗೆಯೇ, ಆದರೆ ತಲೆಕೆಳಗು.

“ಸರ್, ಗಿಡ ತೆಲಿ ತೆಳಗ ಮಾಡೇತ್ರಿ!”

“ಅಲ್ನೋಡಲೇ, ಕಟ್ಟಿಮ್ಯಾಲೆ ಕುಂತ ಸಿಪಾಯೀನೂ ಜೋತಾಡಾಕತ್ಯಾನ. ಆದ್ರೂ ಟೊಪಗಿ ಬೀಳವಲ್ದು!”

ನಾನೂ ನಕ್ಕೆ. ಆಮೇಲೆ ಹೇಳಿಕೊಟ್ಟೆ. ದೂರದಿಂದ ಬರುವ ಕಿರಣಗಳು ಹಾಸಿನ ಎಳೆಗಳಂತೆ ಒಂದರ ಪಕ್ಕ ಒಂದು ನೆಟ್ಟಗೆ ಬರುತ್ತವೆ. ತಗ್ಗಿಗೆ ಬಡಿದು ತಿರುಗಿ, ಕನ್ನಡಿಯ ಮುಂದೆ ಒಂದು ಬಿಂದುವಿನಲ್ಲಿ ಕೂಡುತ್ತವೆ. ಅದೇ ನಾಭಿ. ಈ ಕನ್ನಡಿ ಯಾವ ಗೋಲದ ಚೂರೋ, ಆ ಗೋಲದ ನಡುವಿಗೂ ಕನ್ನಡಿಗೂ ಸರಿಯಾಗಿ ಅರ್ಧ ದಾರಿಯಲ್ಲಿ ಅದು ಇರುತ್ತದೆ. ದೂರದ ವಸ್ತುವಿನ ಬಿಂಬ ಸಣ್ಣದಾಗಿ ತಲೆಕೆಳಗಾಗಿ ನಾಭಿಯ ಹತ್ತಿರ ಮೂಡುತ್ತದೆ. ವಸ್ತು ಹತ್ತಿರ ಬಂದಷ್ಟೂ ಬಿಂಬ ದೂರ ಸರಿದು ದೊಡ್ಡದಾಗುತ್ತದೆ. ವಸ್ತು ನಾಭಿಗೂ ಕನ್ನಡಿಗೂ ನಡುವೆ ಬಂತೆಂದರೆ ಬಿಂಬ ನೆಟ್ಟಗಾಗಿ, ದೊಡ್ಡದಾಗಿ, ಕನ್ನಡಿಯ ಒಳಗೆ ಕಾಣುತ್ತದೆ. ಅದು ಕಣ್ಣಿಗೆ ಮಾತ್ರ. ಕಾಗದ ಹಿಡಿದರೆ ಅದರ ಮೇಲೆ ಬೀಳುವುದಿಲ್ಲ.

ಗಂಟೆ ಹೊಡೆದು ಹುಡುಗರು ಹೋದ ಮೇಲೆ ಕನ್ನಡಿ ಹಿಡಿದುಕೊಂಡೇ ನಿಂತೆ. ಹರಡಿಹೋಗುವ ಬೆಳಕನ್ನು ಒಟ್ಟುಗೂಡಿಸುವ ವಸ್ತು ನನ್ನ ಕೈಯಲ್ಲಿತ್ತು. ಮನೆಯಲ್ಲಿ ಅಪ್ಪ ಬೆಳಕಿಲ್ಲ ಎನ್ನುತ್ತಿದ್ದ. ಹೆಡ್‌ಮಾಸ್ತರರನ್ನು ಕೇಳಿ, ಎರಡೂ ಕನ್ನಡಿಗಳನ್ನು ಪಂಚೆಯಲ್ಲಿ ಸುತ್ತಿಕೊಂಡು ಶನಿವಾರದ ಬಸ್ಸು ಹತ್ತಿದೆ. ಅವತ್ತು ನಾನು ಎಷ್ಟು ಖುಷಿಯಲ್ಲಿದ್ದೆನೆಂದರೆ, ನಡುದಾರಿಯಲ್ಲಿ ಬಸ್ಸು ಕೆಟ್ಟು ನಿಂತಾಗ ಪಕ್ಕದವನಿಗೆ ಗೋಲ, ನಾಭಿ ಎಲ್ಲ ವಿವರಿಸಿದೆ. ಅವನು ಹರ್ತಿಯ ಒಕ್ಕಲಿಗ. ಎಲ್ಲ ಕೇಳಿ, “ಅದರಾಗ ಗಡ್ಡ ಹೆರೀಲಿಕ್ಕೆ ಬರ್ತದೇನ್ರಿ ಮಾಸ್ತರ್ರ?” ಎಂದ. ಬರುತ್ತದೆ ಎಂದೆ. ಅದೂ ಖರೆಯೇ.

ಮರುದಿನ ಬೆಳಕಿಂಡಿಯಿಂದ ಬಿಸಿಲಿನ ಕೋಲು ಇಳಿದಾಗ ತಗ್ಗುಗನ್ನಡಿಯನ್ನು ಮಗ್ಗದ ಪಕ್ಕ ಒಂದು ಗೂಟಕ್ಕೆ ಕಟ್ಟಿ, ಬಿಸಿಲನ್ನು ನೇಯ್ಗೆಯ ಮೇಲೆ ತಿರುಗಿಸಿದೆ. ಕೂಡುವ ಬಿಂದುವಿಗೆ ಹಿಡಿದರೆ ರೇಷ್ಮೆ ಸುಟ್ಟುಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಅದಕ್ಕಿಂತ ಈಚೆಗೇ ನಿಲ್ಲಿಸಿದೆ. ಕೆಂಪು ದಡಿಯ ಮೇಲೆ ಅಂಗೈ ಅಗಲದ ಬೆಳಕು ಬಿತ್ತು.

“ಹಾಂ, ಹಾಂ! ಈಗ ಕಾಣ್ತು ನೋಡು. ಎಳಿ ಎಳಿ ಎಣಿಸಬೌದು,” ಎಂದ ಅಪ್ಪ.

ಅವ್ವ ಕನ್ನಡಿಗೆ ಕೈಮುಗಿದಳು. ಕಾಕಾ ಬಾಗಿಲಲ್ಲಿ ನಿಂತು, “ಏನಲೇ ತಮ್ಮಾ, ಸೂರ್ಯನ್ನ ಹಿಡಕೊಂಡು ಬಂದು ಕೂಲಿಗೆ ಹಚ್ಚಿಯಲ್ಲ!” ಎಂದ. ಹೊತ್ತು ಸರಿದಂತೆ ಬೆಳಕೂ ಸರಿಯುತ್ತಿತ್ತು. ತಂಗಿ ಪಕ್ಕದಲ್ಲಿ ಕೂತು ಕನ್ನಡಿಯನ್ನು ಅಷ್ಟಷ್ಟೇ ತಿರುಗಿಸುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಲಾಳಿ ಅಪ್ಪನ ಕೈತಪ್ಪಿ ಎಡಗಡೆ ಬಿತ್ತು. ಕುಣಿಯ ದಂಡೆಯ ಮೇಲೆ, ಅವನ ಮೊಣಕೈ ಹತ್ತಿರ, ಬಿಸಿಲಿನಲ್ಲೇ ಬಿದ್ದಿತ್ತು. ಅಪ್ಪ ಹುಡುಕಿದ. ಕೋಳಿ ಕಾಳು ನೋಡುವಂತೆ ಕತ್ತು ಅತ್ತ ಇತ್ತ ಕೊಂಕಿಸಿ ಹುಡುಕಿದ. ಸಿಗಲಿಲ್ಲ.

“ಎಲ್ಲಿ ಹೋತು ಹಾಳಾದ್ದು?”

ತಂಗಿ ಎತ್ತಿ ಕೊಡಲು ಹೋದಳು. ನಾನು ಅವಳ ಕೈ ಹಿಡಿದೆ. ಅಪ್ಪನ ಎದುರು ಕೂತು ಹೇಳಿದೆ, “ಅಪ್ಪಾ, ನನ್ನ ಮೂಗ ನೋಡು. ಕಣ್ಣು ಅಲ್ಲಾಡಸಬ್ಯಾಡ. ನನ್ನ ಕೈ ಕಾಣ್ತೈತೇನು?”

“ಯಾವ ಕೈ?”

ಎರಡೂ ಕೈಗಳನ್ನು ಅವನ ಎರಡೂ ಬದಿಗೆ ಚಾಚಿ ಬೆರಳು ಆಡಿಸುತ್ತಿದ್ದೆ. ಒಳಗೆ ತರುತ್ತಾ ತರುತ್ತಾ ನನ್ನ ಕಿವಿಯ ಹತ್ತಿರ ತಂದೆ. ಆಗಲೂ ಇಲ್ಲ. ನನ್ನ ಕೆನ್ನೆಗೆ ಹತ್ತಿದಾಗ, “ಹಾಂ, ಈಗ ಬಂತು,” ಎಂದ. ಅಪ್ಪ ಬಿದಿರಿನ ಕೊಳವೆಯೊಳಗಿಂದ ಲೋಕ ನೋಡುತ್ತಿದ್ದ. ಕೊಳವೆಯ ಕೊನೆಯಲ್ಲಿ ಎಳೆ ಎಳೆ ಕಾಣುತ್ತಿತ್ತು. ಅದರ ಸುತ್ತ ಏನೂ ಇರಲಿಲ್ಲ. ನಾನು ತಂದ ಬೆಳಕು ಬಿದ್ದದ್ದೂ ಆ ಕೊಳವೆಯೊಳಗೇ.

ಗದಗಿನ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಕೋಣೆ ಕತ್ತಲು ಮಾಡಿ ಅಪ್ಪನ ಕಿವಿಯ ಪಕ್ಕ ಒಂದು ದೀಪ ಇಟ್ಟರು. ಕಿಸೆಯಿಂದ ಅವರು ತೆಗೆದದ್ದು ಒಂದು ಪುಟ್ಟ ತಗ್ಗುಗನ್ನಡಿ. ನಡುವೆ ತೂತಿತ್ತು. ದೀಪದ ಬೆಳಕನ್ನು ಅದರಿಂದ ಅಪ್ಪನ ಪಾಪೆಯೊಳಗೆ ತಿರುಗಿಸಿ, ಆ ತೂತಿನಿಂದ ಒಳಗೆ ನೋಡಿದರು. ಇನ್ನೊಂದು ಕೈಯಲ್ಲಿ ಮಸೂರ ಹಿಡಿದು ಬಹಳ ಹೊತ್ತು ನೋಡಿದರು. ನಾನು ಕನ್ನಡಿಯ ಮಾಸ್ತರನೆಂದು ತಿಳಿದ ಮೇಲೆ ನನಗೂ ತೂತಿಗೆ ಕಣ್ಣು ಹಚ್ಚಲು ಕೊಟ್ಟರು. ಕೆಂಡದಂಥ ಕೆಂಪು ಕಂಡಿತು. ಅದಕ್ಕಿಂತ ಹೆಚ್ಚೇನೂ ನನಗೆ ತಿಳಿಯಲಿಲ್ಲ.

“ನಿಮ್ಮ ಮನಿತನದಾಗ ಯಾರಿಗರ ಇರುಳುಗಣ್ಣು ಇತ್ತೇನ್ರಿ?” ಎಂದು ಡಾಕ್ಟರು ಅಪ್ಪನನ್ನು ಕೇಳಿದರು.

“ಯಾರಿಗೂ ಇಲ್ರಿ. ನಮ್ಮ ಸೋದರಮಾವ ಒಬ್ಬಾಂವ ಹೊತ್ತು ಮುಣಗಿದ ಮ್ಯಾಲೆ ಹೊರಗ ಬರ್ತಿದ್ದಿಲ್ಲ. ಭಾಳ ದೈವಭಕ್ತ ಇದ್ದ.”

ಡಾಕ್ಟರು ನನ್ನ ಕಡೆ ನೋಡಿದರು. ಆಮೇಲೆ ಹೇಳಿದರು, “ನೀವು ಇದನ್ನ ಹುಡುಗರಿಗೆ ಕಲಸಾವ್ರು, ನಿಮಗ ಹೇಳೂದು ಸರಳ. ಬೆಳಕು ಒಳಗ ಹೊಂಟೈತಿ. ಕಣ್ಣಿನ ಮಣಿ ಛಲೋ ಐತಿ. ಬಿಂಬಾನೂ ಬೀಳತೈತಿ. ಅದು ಬೀಳೂ ಹಾಳಿ ಐತೆಲ್ಲ, ಅದ ಅಂಚಿನಿಂದ ಒಣಗಿಕೋತ ಬಂದೈತಿ. ನಡುವ ಒಂದು ಬೊಟ್ಟಿನಷ್ಟು ಉಳದೈತಿ.”

“ಅದಾದ್ರೂ ಉಳೀತೈತೇನ್ರಿ?” ಎಂದು ನಾನು ಕೇಳಿದೆ.

“ಇಲ್ರಿ.”

“ಔಷಧ?”

“ಮೀನೆಣ್ಣಿ ಬರಕೊಡ್ತೀನಿ. ಬರಿಗೈಲೆ ಕಳಸಬಾರದಂತ, ಅಷ್ಟ.”

ಹುಣಸೆಮರ ತೋರಿಸಿದ ದಿನ ನಾನು ಕಾಗದದ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ. ಕನ್ನಡಿ, ಕಿರಣ, ನಾಭಿ, ಎಲ್ಲಕ್ಕೂ ನಿಯಮವಿತ್ತು, ಲೆಕ್ಕವಿತ್ತು. ಕಾಗದ ಯಾವುದೋ ಒಂದು ಚೂರು. ಅದಿಲ್ಲದಿದ್ದರೆ ಇನ್ನೊಂದು. ಡಾಕ್ಟರ ಕತ್ತಲ ಕೋಣೆಯಲ್ಲಿ ಕೂತಾಗ ಗೊತ್ತಾಯಿತು. ಬೆಳಕನ್ನು ನಾನು ಕೂಡಿಸಬಲ್ಲೆ, ಹರಡಬಲ್ಲೆ, ಬೇಕಾದಲ್ಲಿಗೆ ತಿರುಗಿಸಬಲ್ಲೆ. ಆ ಹಾಳೆ ಮಾತ್ರ ಒಬ್ಬನಿಗೆ ಒಂದೇ. ನಾನು ಕಲಿತ ವಿದ್ಯೆ ಅದರ ಹೊಸ್ತಿಲಿಗೆ ಬಂದು ನಿಂತುಬಿಡುತ್ತದೆ.

ಟಾಂಗಾ ಹತ್ತಿ ಮನೆಯ ಕಡೆ ಹೊರಟೆವು. ಗದಗಿನ ಪೇಟೆ ದಾಟಿದ ಮೇಲೆ ಅಪ್ಪ, “ಹಾಳಿ ಹೋಗೇತಿ ಅಂದ್ರಲ್ಲ, ನನಗ ತಿಳೀತು,” ಎಂದ. ಮತ್ತೆ ಸ್ವಲ್ಪ ದೂರ ಹೋಗಿ ಕೇಳಿದ, “ಆಕಿ ಸೀರಿ ಆಗೂಮಟ ಇರತೈತೇನು?”

“ಗೊತ್ತಿಲ್ಲಪಾ.”

“ನೀ ಬೆಳಕಿನ ವಿದ್ಯಾ ಕಲ್ತಾಂವ. ಅಲ್ಲೀಮಟ ಏನರ ಮಾಡು, ತಮ್ಮಾ. ಆಮ್ಯಾಲೆ ಬ್ಯಾಡ.”

ಮುಂದಿನ ವಾರವೆಲ್ಲ ಅದೇ ಯೋಚನೆ. ಅಪ್ಪನಿಗೆ ಬೇಕಾದದ್ದು ಬೆಳಕಲ್ಲ, ಅಗಲ. ಸೀರೆಯ ಎರಡೂ ದಡಿ ಒಟ್ಟಿಗೆ ಕಾಣಬೇಕು. ಕೊಳವೆ ದೊಡ್ಡದಾಗುವುದಿಲ್ಲ. ಹಾಗಾದರೆ ಸೀರೆಯನ್ನೇ ಸಣ್ಣದು ಮಾಡಿ ಕೊಳವೆಯೊಳಗೆ ಇಳಿಸಿದರೆ? ಆಗ ಉಬ್ಬುಗನ್ನಡಿ ನೆನಪಾಯಿತು. ಅದು ತಗ್ಗುಗನ್ನಡಿಯ ತಿರುವುಮುರುವು. ಕಿರಣಗಳನ್ನು ಕೂಡಿಸುವುದಿಲ್ಲ, ಹರಡಿಸುತ್ತದೆ. ವಸ್ತು ಹತ್ತಿರವಿರಲಿ ದೂರವಿರಲಿ, ಬಿಂಬ ಯಾವಾಗಲೂ ನೆಟ್ಟಗೆ, ಯಾವಾಗಲೂ ಸಣ್ಣದು, ಕನ್ನಡಿಯ ಬೆನ್ನಿನ ಆಚೆ ಇದ್ದಂತೆ. ಆದರೆ ಅಂಗೈಯಷ್ಟು ಜಾಗದಲ್ಲಿ ಇಡೀ ಓಣಿಯನ್ನು ಹಿಡಿಸುತ್ತದೆ. ಮೋಟಾರಿನ ಡ್ರೈವರ್ ಹಿಂದಿನ ರಸ್ತೆ ನೋಡಲು ಬಾಜೂಕ್ಕೆ ಹಚ್ಚಿಸಿಕೊಳ್ಳುವುದು ಅದನ್ನೇ.

ಶನಿವಾರ ಬಂದು, ಮರುದಿನ ಬೆಳಿಗ್ಗೆ ಉಬ್ಬುಗನ್ನಡಿಯನ್ನು ಅಪ್ಪನ ಎದುರು, ಮಗ್ಗದ ಅಡ್ಡತೊಲೆಗೆ, ತುಸು ಬಗ್ಗಿಸಿ ಕಟ್ಟಿದೆ. ಅಪ್ಪ ಕಣ್ಣು ಅದರಲ್ಲಿ ನೆಟ್ಟ. ಮುಖ ಅರಳಿತು. ಎಷ್ಟೋ ತಿಂಗಳ ಮೇಲೆ ಕಂಡ ನಗು.

“ಎಡದಡಿ ಕಂಡ್ತು... ಬಲದಡೀನೂ ಕಂಡ್ತು! ಎರಡೂ ಕೂಡೇ ಕಂಡ್ವಲ್ಲೋ! ಏ ಇವಳೇ, ಬಾ ಇಲ್ಲೆ, ನೀನೂ ಕಾಣ್ತಿ ಇದರಾಗ!”

ಅವ್ವ ಕನ್ನಡಿಯಲ್ಲಿ ಹೆಬ್ಬೆಟ್ಟಿನಷ್ಟು ಕಂಡಳು. ಸೆರಗು ಸರಿಮಾಡಿಕೊಂಡಳು.

ಕನ್ನಡಿ ನೋಡುತ್ತಲೇ ಅಪ್ಪ ಲಾಳಿ ಎಸೆದ. ಕೈ ಚಾಚಿದ. ಮುಂದೆ ಚಾಚಿದ ಕೈ ಕನ್ನಡಿಯೊಳಗೆ ಅವನೆದುರಿಗೇ ಬಂತು. ಗಾಬರಿಯಾಗಿ ಹಿಂದೆಗೆದ. ಮತ್ತೆ ಮಾಡಿದ. ಎಳೆ ಹರಿದಿತ್ತು, ಹರಿದದ್ದು ತಿಳಿಯಲಿಲ್ಲ. ಅಷ್ಟು ಸಣ್ಣಗಾದ ಸೀರೆಯಲ್ಲಿ ಒಂದು ಎಳೆ ಎಂದರೆ ಏನೂ ಅಲ್ಲ. ಆ ಇಡೀ ದಿನ ಪ್ರಯತ್ನಪಟ್ಟ. ಕೊನೆಗೆ ಕಣ್ಣೊರೆಸಿಕೊಂಡು, “ಸೀರಿ ಮುಂಡರಗ್ಯಾಗ ಐತಿ, ನನ್ನ ಕೈ ಬೆಟಗೇರ್ಯಾಗ ಅದಾವ,” ಎಂದ. ನಾವೆಲ್ಲ ನಕ್ಕೆವು. ಅಪ್ಪನೂ ನಕ್ಕ.

ತಗ್ಗುಗನ್ನಡಿಯನ್ನೂ ಇನ್ನೊಂದು ಬಗೆಯಲ್ಲಿ ಹಚ್ಚಿ ನೋಡಿದೆ. ನೇಯ್ಗೆಯ ತೀರ ಹತ್ತಿರ ಹಿಡಿದರೆ ಎಳೆಗಳು ಹಗ್ಗದಷ್ಟು ದಪ್ಪ ಕಂಡವು, ಆದರೆ ನಾಲ್ಕು ಬೆರಳಗಲ ಮಾತ್ರ. ಅಗಲ ಬೇಕೆಂದರೆ ಸಣ್ಣದಾಗುತ್ತದೆ, ದೊಡ್ಡದು ಬೇಕೆಂದರೆ ಇಕ್ಕಟ್ಟಾಗುತ್ತದೆ. ಕನ್ನಡಿಯ ಎಲ್ಲ ಸೂತ್ರಗಳ ತಾತ್ಪರ್ಯ ಇಷ್ಟೇ. ಕನ್ನಡಿ ಇಲ್ಲದ್ದನ್ನು ತಂದುಕೊಡುವುದಿಲ್ಲ, ಇದ್ದದ್ದನ್ನು ಬಾಗಿಸಿ ತೋರಿಸುತ್ತದೆ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ನನಗೆ ಪೂರ್ತಿ ಅಂಕ ಬಂದಿದ್ದವು.

ಆ ದಿನಗಳಲ್ಲಿ ಏಕೀಕರಣದ ಸಭೆಗಳು ಜೋರಾಗಿದ್ದವು. ಗದಗಿನ ಸಭೆಗೆ ಹೋಗಿ ಬಂದ ಕಾಕಾ ಕಟ್ಟೆಯ ಮೇಲೆ ಕೂತು ಅಪ್ಪನಿಗೆ ವರದಿ ಕೊಡುತ್ತಿದ್ದ.

“ಮುಂಬೈದು, ಹೈದರಾಬಾದಿಂದು, ಮೈಸೂರಿಂದು, ಎಲ್ಲಾ ಕೂಡಿ ಒಂದ ನಾಡು ಮಾಡ್ತಾರಂತೋ.”

“ಮಾಡ್ಲಿ ಬಿಡು. ನನಗ ಒಂದ ಸೀರಿ ಎರಡು ದಡಿ ಕೂಡಿಸಾಕ ಆಗವಲ್ದು,” ಎಂದ ಅಪ್ಪ.

ಎರಡೂ ಕನ್ನಡಿಗಳನ್ನು ತಿರುಗಿ ಒಯ್ದು ಶಾಲೆಯ ಪೆಟ್ಟಿಗೆಯಲ್ಲಿಟ್ಟೆ. ಅಪ್ಪ ಕೈ ರೂಢಿಯ ಮೇಲೆ ನೇಯ್ದ. ನಾನು ವಾರಕ್ಕೊಮ್ಮೆ ಬರುತ್ತಿದ್ದೆ. ಅವನು ಹಗಲು ಪೂರ್ತಿ ಕುಣಿಯಲ್ಲಿರುತ್ತಿದ್ದ. ಮಧ್ಯಾಹ್ನದ ಊಟ ಬಿಟ್ಟಿದ್ದ, ಬೆಳಕು ಹೋದೀತೆಂದು. ಒಂದು ದಿನ ಸೆರಗು ಮುಗಿಯಿತು. ಸೀರೆಯನ್ನು ಮಗ್ಗದಿಂದ ಇಳಿಸಿದ ಸುದ್ದಿ ಬಂದಾಗ ಶನಿವಾರಕ್ಕೆ ಕಾಯದೆ ರಜೆ ಹಾಕಿ ಬಂದೆ.

ಹಿತ್ತಲಲ್ಲಿ ಅವ್ವ ಮತ್ತು ತಂಗಿ ಸೀರೆ ಬಿಚ್ಚಿ ತೋರಿಸಿದರು. ಸೆರಗಿನಿಂದ ಹಿಡಿದು ಸುಮಾರು ನಡುವಿನ ತನಕ ಎಡದಡಿ ಕೆಟ್ಟಿತ್ತು. ರೇಷ್ಮೆಯ ಎಳೆಗಳು ನೇಯ್ಗೆಗೆ ಸಿಗದೆ ಸಡಿಲಾಗಿ ಜೋತುಬಿದ್ದಿದ್ದವು. ಉಳಿದ ಮೈ ಮಾತ್ರ ಅಪ್ಪನ ಕೈಗೆ ತಕ್ಕಂತೆ ಬಿಗಿಯಾಗಿತ್ತು.

“ಛಲೋ ಆಗೇತಿ ಅಂತ ಹೇಳೀನಿ. ನೀನೂ ಹಂಗ ಹೇಳು. ಮದವಿ ಒಂದು ಆಗಿಹೋಗ್ಲಿ,” ಎಂದಳು ಅವ್ವ.

“ನಾ ನಿರಿಗಿ ಹಿಡದು ಮುಚ್ಚಿ ಉಡ್ತೀನಣ್ಣಾ. ಯಾರಿಗೂ ಕಾಣೂದಿಲ್ಲ,” ಎಂದಳು ತಂಗಿ.

ಒಳಗೆ ಬಂದೆವು. ಅಪ್ಪ ಗೋಡೆಗೆ ಆತು ಕೂತಿದ್ದ. ಸೀರೆ ಅವನ ತೊಡೆಯ ಮೇಲಿಟ್ಟೆ.

“ನೋಡಿದಿ?”

“ನೋಡಿದೆ.”

“ದಡಿ ಹೆಂಗದಾವು?”

ಅವ್ವ ಅವನ ಎಡಗಡೆ ನಿಂತಿದ್ದಳು. ಅಷ್ಟು ಹತ್ತಿರದಲ್ಲಿ, ಹಾಡುಹಗಲಿನಲ್ಲಿ, ಅವಳು ನನಗೆ ಕೈಮುಗಿದಳು. ತಲೆ ಅಲ್ಲಾಡಿಸಿದಳು. ಬಾಯಿಗೆ ಸೆರಗು ಒತ್ತಿಕೊಂಡು ಮತ್ತೆ ಕೈಮುಗಿದಳು. ಅಪ್ಪನಿಗೆ ಅದು ಏನೂ ಕಾಣುತ್ತಿರಲಿಲ್ಲ. ಅವನ ಕಣ್ಣು ನನ್ನ ಮುಖದ ಮೇಲೆ ನೆಟ್ಟಿದ್ದವು.

“ನಿಮ್ಮವ್ವ ಛಲೋ ಐತಿ ಅಂದಾಳ. ತಂಗೀನೂ ಅಂದಾಳ. ನೀ ಕಲ್ತಾಂವ ಅದೀ. ಖರೆ ಹೇಳು. ಸುಳ್ಳು ಕೇಳಿಸ್ಕೊಳ್ಳಾಕ ನಾ ನಿನ್ನ ಓದಿಸಿಲ್ಲ.”

“ಎಡದಡಿ ಬಿಟ್ಟೈತಪಾ.”

“ಎಷ್ಟು?”

“ಸೆರಗಿನಿಂದ ನಡುಮಟ.”

ಅಪ್ಪ ಸೀರೆಯ ಮೇಲೆ ಕೈ ಇಟ್ಟುಕೊಂಡು ಕೂತ. ಆಮೇಲೆ ಕೇಳಿದ, “ನಿಮ್ಮವ್ವ ಎಲ್ಲದಾಳ?”

“ಇಲ್ಲೇ. ನಿನ್ನ ಬಾಜೂಕ.”

“ಇಷ್ಟೊತ್ತೂ ಇಲ್ಲೇ ಇದ್ಲೇನು?”

ಅವ್ವ ಗೋಡೆಗೆ ಮುಖ ಹಾಕಿ ನಿಂತಳು. ತಂಗಿ ಮುಂದೆ ಬಂದು, “ಅಪ್ಪಾ, ನಾ ಇದನ್ನ ಉಡ್ತೀನಿ,” ಎಂದಳು.

“ಬ್ಯಾಡ, ಯವ್ವಾ. ದಡಿ ಬಿಟ್ಟ ಸೀರಿ ಉಟ್ಟು ಧಾರಿಗೆ ನಿಂದ್ರಬಾರದು. ಕಾಕಾನ ಮಗ್ಗದ್ದು ತರೂಣ.” ಆಮೇಲೆ ಸೀರೆಯನ್ನು ಅವ್ವ ಇದ್ದ ಕಡೆಗೆ ಚಾಚಿದ. ಆದರೆ ಅವಳು ಅಲ್ಲಿಂದ ಸರಿದಿದ್ದಳು, ಸೀರೆ ಗಾಳಿಯಲ್ಲಿ ಹಿಡಿದಂತಾಯಿತು. “ತಗೋ. ನೀ ಉಟಗೋ. ನನಗೇನು ಕಾಣೂದಿಲ್ಲ.”

ತಂಗಿ ಕಾಕಾನ ಮಗ್ಗದ ಸೀರೆ ಉಟ್ಟು ಮುಂಡರಗಿಗೆ ಹೋದಳು. ಕಾಕಾ ಅದಕ್ಕೆ ಒಂದು ಮಾತೂ ತಮಾಷೆ ಮಾಡಲಿಲ್ಲ. ಅವ್ವ ಕೆಟ್ಟ ದಡಿಯ ಸೀರೆಯನ್ನು ಮನೆಯಲ್ಲಿ ದಿನನಿತ್ಯ ಉಟ್ಟಳು. ಖರೆ ಹೇಳಿದ್ದು ಸರಿಯೇ ತಪ್ಪೇ ಎಂದು ನಾನು ತೂಗಿ ನೋಡಲು ಹೋಗಿಲ್ಲ. ತೂಗಿದರೂ ಕಣ್ಣು ಬರುತ್ತಿರಲಿಲ್ಲ. ಅವ್ವ ಮಾತ್ರ ಎಷ್ಟೋ ದಿನ ನನ್ನ ಜೊತೆ ಬೇಕಾದಷ್ಟೇ ಮಾತಾಡಿದಳು. ಅಪ್ಪ ಆ ಮಧ್ಯಾಹ್ನದ ನಂತರ ಕುಣಿಗೆ ಇಳಿಯಲಿಲ್ಲ. ಹೊಸ ರಾಜ್ಯವಾಗಿ ಶಾಲೆಯಲ್ಲಿ ನಾವು ಪೇಡೆ ಹಂಚುವ ಹೊತ್ತಿಗೆ ನಡುವಿನ ಆ ಬೊಟ್ಟೂ ಹೋಗಿತ್ತು. ಹಗಲು ರಾತ್ರಿ ಅವನಿಗೆ ಒಂದೇ ಆಗಿತ್ತು.

ಹಾಗಾದ ಮೇಲೆ ಅವನು ಒಮ್ಮೆ ಮನೆಯೊಳಗೇ ಕುಣಿಯಲ್ಲಿ ಬಿದ್ದ. ಕಾಲು ಉಳುಕಿತು. ಅದನ್ನು ಮುಚ್ಚಬೇಕು ಎಂದವನು ಅವನೇ. ಮಲ್ಲಸಮುದ್ರದ ಕಡೆಯಿಂದ ಒಂದು ಗಾಡಿ ಕೆಂಪು ಮಣ್ಣು ತರಿಸಿದೆ. ಮಗ್ಗದ ಮರಗಳನ್ನು ಕಾಕಾ ಬಿಚ್ಚಿ ಒಯ್ದ. ನಾನು ಬುಟ್ಟಿಯಲ್ಲಿ ಮಣ್ಣು ಹೊತ್ತು ಸುರಿಯುತ್ತಿದ್ದೆ. ಅಪ್ಪ ಗೋಡೆಗೆ ಆತು ಕೂತು, ಸುರಿದಾಗೊಮ್ಮೆ ಕೇಳುತ್ತಿದ್ದ.

“ತುಂಬಿತೇನು?”

“ಇನ್ನೂ ಇಲ್ಲಪಾ.”

ತುಂಬಿದ ಮೇಲೆ ಎದ್ದು ಬಂದು, ಉಳುಕಿದ ಕಾಲನ್ನೇ ಮುಂದಿಟ್ಟು, ಅದರ ಮೇಲೆ ನಿಂತ. ಅಂಗಾಲಿನಿಂದ ಒತ್ತಿ ನೋಡಿದ.

“ಮೆತ್ತಗೈತಿ. ಇದು ತೆಳಗ ಕೂಡ್ತೈತಿ, ತಮ್ಮಾ. ಮುಂದಿನ ವರ್ಷ ಮತ್ತ ಮಣ್ಣ ಹಾಕಬೇಕಾಗತೈತಿ.”

ಮುಂದಿನ ವರ್ಷ ಮಣ್ಣು ಕೂತು ನೆಲ ಕುಸಿದಿತ್ತು. ಇನ್ನೊಂದು ಗಾಡಿ ತರಿಸಿ ಹಾಕಿದೆ. ಅವ್ವ ಅದರ ಮೇಲೆ ಸಾರಿಸಿ, ಜೋಳದ ಚೀಲ ಇಟ್ಟಳು.